ಸಿಗದ ಕಾನ್‌ಸ್ಟಂಟಿಗೆ ಕೈಯಿಂದ ಹಾಕಿದ ಅಂಕಿ

ಪ್ರೋಗ್ರಾಂ ಮೊದಲ ಸಲ ಓಡಿಸಿದಾಗ ಫೈಲ್ ತಯಾರಾಯಿತು. ಎರಡನೇ ಸಲ ಓಡಿಸಿದರೆ ಏನೂ ಇಲ್ಲ. ತಪ್ಪಿನ ಸಂದೇಶವೂ ಇಲ್ಲ, ಪ್ರಾಂಪ್ಟ್ ಸುಮ್ಮನೆ ಮುಂದಿನ ಸಾಲಿಗೆ ಬಂತು. ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬು, ಏಪ್ರಿಲ್ ತಿಂಗಳ ಮಧ್ಯಾಹ್ನ, ಫ್ಯಾನಿನ ಗಾಳಿಯೂ ಬಿಸಿ. "ಒಂದ್ಸಲ ಬಂತ್ರೀ ಸರ್, ಈಗ ಬರವಲ್ದು" ಎಂದಳು ಹುಡುಗಿ. 64 ಬಿಟ್ ಲಿನಕ್ಸ್, ನ್ಯಾಸ್ಮ್ ಅಸೆಂಬ್ಲರ್ (ಅಸೆಂಬ್ಲಿ ಭಾಷೆಯನ್ನು ಯಂತ್ರದ ಸೂಚನೆಗಳಾಗಿ ಮಾಡುವ ಸಾಧನ), ನಲವತ್ತು ಸಾಲಿನ ಪ್ರೋಗ್ರಾಂ. ಫೈಲ್ ತೆರೆ, ಒಂದು ಸಾಲು ಬರೆ, ಮುಚ್ಚು, ಹೊರಗೆ ಬಾ, ಅಷ್ಟೇ ಕೆಲಸ. ಫೈಲ್ ಇಲ್ಲದಿದ್ದರೆ ತಯಾರಿಸು ಎನ್ನುವ ಓ_ಕ್ರಿಯಟ್ ಎಂಬ ಕಾನ್‌ಸ್ಟಂಟ್, ಅಂದರೆ ಸ್ಥಿರ ಅಂಕಿಗಿಟ್ಟ ಹೆಸರು, ತನಗೆ ಗೊತ್ತಿಲ್ಲ ಎಂದು ನ್ಯಾಸ್ಮ್ ಮೊದಲೇ ಹೇಳಿತ್ತು. ಲ್ಯಾಬಿನವರು ಕೊಟ್ಟ ಇನ್‌ಕ್ಲೂಡ್ ಫೈಲಿನಲ್ಲಿ ಸಿಸ್ಟಂ ಕಾಲ್‌ಗಳ (ಕರ್ನಲ್‌ನಿಂದ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಿಂದ, ಕೆಲಸ ಮಾಡಿಸುವ ಕರೆಗಳ) ನಂಬರ್ ಇದ್ದವೇ ಹೊರತು ಫೈಲ್ ತೆರೆಯುವ ಫ್ಲ್ಯಾಗ್‌ಗಳು ಇರಲಿಲ್ಲ. ಅವಳು ಸಿ ಹೆಡರ್ (ಸಿ ಭಾಷೆಗೆಂದು ಇಂಥ ಹೆಸರು, ಅಂಕಿ ಬರೆದಿಟ್ಟ ಫೈಲ್) ತೆಗೆದು ನೋಡಿ, ಅಲ್ಲಿದ್ದ ಅಂಕಿಗಳನ್ನು ಇದ್ದಂತೆಯೇ ತಂದು ಕೂರಿಸಿದ್ದಳು: ಓ_ಕ್ರಿಯಟ್‌ಗೆ 0100, ಇದ್ದದ್ದನ್ನು ಅಳಿಸು ಎನ್ನುವ ಓ_ಟ್ರಂಕ್‌ಗೆ 01000, ಫೈಲಿನ ಪರ್ಮಿಷನ್‌ಗೆ 0644. ಮೂರೂ ಹೆಡರ್‌ನಲ್ಲಿ, ಪುಸ್ತಕದಲ್ಲಿ ಇರುವ ಅಂಕಿಗಳೇ. ಒಂದೂ ಕೈತಪ್ಪಿಲ್ಲ. ಆದರೂ ಮೂರೂ ತಪ್ಪು.

ಇಂಥ ಕಡೆ ಮೊದಲು ಮಾಡಬೇಕಾದ್ದು ಪ್ರೋಗ್ರಾಂಗೆ ಬಾಯಿ ಕೊಡುವುದು. ಓಪನ್ ಕರೆ ಮುಗಿದ ಕೂಡಲೇ ಆರ್‌ಎಎಕ್ಸ್ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಅಂಕಿಯ ಗೂಡು) ಇರುವುದನ್ನು ಆರ್‌ಡಿಐ ರಿಜಿಸ್ಟರ್‌ಗೆ ಹಾಕಿ, 60ನೇ ನಂಬರಿನ ಎಕ್ಸಿಟ್ ಕರೆದು ಹೊರಗೆ ಬಂದರೆ, ಶೆಲ್‌ನಲ್ಲಿ ಎಕ್ಸಿಟ್ ಕೋಡ್ ನೋಡಬಹುದು. 239 ಬಂತು. 256ರಲ್ಲಿ 239 ಕಳೆದರೆ 17. ಅಂದರೆ ಕರ್ನಲ್ ಕೊಟ್ಟ ಉತ್ತರ ಮೈನಸ್ 17, ಫೈಲ್ ಆಗಲೇ ಇದೆ ಎಂಬ ಎರರ್. ಇದ್ದರೆ ಅಳಿಸಿ ಬರೆ ಎಂದು ಹೇಳಿದ ಮೇಲೂ ಇದ್ದದ್ದೇ ತಪ್ಪು ಎನ್ನುತ್ತಿದೆ. ಆ ಮೈನಸ್ 17ನ್ನೇ ಫೈಲ್ ನಂಬರ್ ಎಂದುಕೊಂಡು ರೈಟ್ ಕರೆದರೆ ಮೈನಸ್ 9 ಬರುತ್ತದೆ, ಅದನ್ನೂ ಯಾರೂ ನೋಡುವುದಿಲ್ಲ, ಕೊನೆಯಲ್ಲಿ ಎಕ್ಸಿಟ್ ಸೊನ್ನೆ. ಸಿ ಲೈಬ್ರರಿಯಲ್ಲಾದರೆ ಮೈನಸ್ 1 ಬರುತ್ತದೆ, ಕಾರಣ ಎರ್‌ನೋದಲ್ಲಿರುತ್ತದೆ. ನೇರ ಸಿಸ್ಟಂ ಕಾಲ್‌ನಲ್ಲಿ ಕಾರಣವೇ ಮೈನಸ್ ಚಿಹ್ನೆ ಹೊತ್ತು ಆರ್‌ಎಎಕ್ಸ್‌ನಲ್ಲಿ ಬರುತ್ತದೆ. ಮೈನಸ್ 1ರಿಂದ ಮೈನಸ್ 4095ರವರೆಗೆ ಏನೇ ಬಂದರೂ ಅದು ಎರರ್. ಮೈನಸ್ 1ಕ್ಕೆ ಮಾತ್ರ ಹೋಲಿಸುವ ಅಭ್ಯಾಸದವರು ಇಲ್ಲಿ ಏನನ್ನೂ ಹಿಡಿಯಲಾರರು.

ಮುಂದಿನ ಸೊನ್ನೆ

ಸಿ ಭಾಷೆಯಲ್ಲಿ ಅಂಕಿಯ ಮುಂದೆ ಸೊನ್ನೆ ಇದ್ದರೆ ಅದು ಆಕ್ಟಲ್, ಎಂಟರ ಲೆಕ್ಕ. ಗ್ನೂ ಅಸೆಂಬ್ಲರ್ ಕೂಡ ಹಾಗೆಯೇ ಓದುತ್ತದೆ. ನ್ಯಾಸ್ಮ್‌ಗೆ ಮುಂದಿನ ಸೊನ್ನೆ ಲೆಕ್ಕಕ್ಕೇ ಇಲ್ಲ. 0100 ಎಂದರೆ ಅದಕ್ಕೆ ಬರೀ ನೂರು. ಆಕ್ಟಲ್ ಬೇಕಿದ್ದರೆ ಅಂಕಿಯ ಕೊನೆಗೆ ಓ ಅಥವಾ ಕ್ಯೂ ಅಕ್ಷರ ಹಚ್ಚಬೇಕು.

ಈಗ ಬಿಟ್ ಲೆಕ್ಕ ಹಾಕಿ. ಓ_ಕ್ರಿಯಟ್ ನಿಜವಾಗಿ 64. ನೂರು ಎಂದರೆ 64, 32, 4. ಬೇಕಾದ 64 ಅದರೊಳಗೆ ಅದೃಷ್ಟಕ್ಕೆ ಇದೆ, ಉಳಿದೆರಡು ಬಿಟ್ ಅರ್ಥವಿಲ್ಲದವು, ಓಪನ್ ಕರೆ ಅರ್ಥವಾಗದ ಬಿಟ್‌ಗಳನ್ನು ಮಾತಾಡದೆ ಬಿಟ್ಟುಬಿಡುತ್ತದೆ. ಓ_ಟ್ರಂಕ್ ನಿಜವಾಗಿ 512. ಸಾವಿರ ಎಂದರೆ 512, 256, 128, 64, 32, 8. ಇದರಲ್ಲಿರುವ 128 ಓ_ಎಕ್ಸ್‌ಕ್ಲ್, ಅಂದರೆ "ಫೈಲ್ ಮೊದಲೇ ಇದ್ದರೆ ತೆರೆಯಬೇಡ". ಮೊದಲ ಸಲ ಫೈಲ್ ಇರಲಿಲ್ಲ, ತಯಾರಾಯಿತು. ಎರಡನೇ ಸಲ ಇತ್ತು, ಮೈನಸ್ 17. ಹುಡುಗಿ ಬರೆಯದೇ ಇದ್ದ ಒಂದು ಆಜ್ಞೆ ಸಾವಿರ ಎಂಬ ಅಂಕಿಯೊಳಗೆ ಕೂತು ಬಂದಿತ್ತು.

ಪರ್ಮಿಷನ್ ಕಥೆ ಇನ್ನೂ ಚೆನ್ನಾಗಿ ಕಾಣುತ್ತದೆ. ನ್ಯಾಸ್ಮ್‌ನ 644ನ್ನು ಎಂಟರ ಲೆಕ್ಕಕ್ಕೆ ಇಳಿಸಿದರೆ 1204. ಫೈಲ್ ಪಟ್ಟಿಯಲ್ಲಿ ಅದು ಹೀಗೆ ಕಂಡಿತು: ಮಾಲೀಕರಿಗೆ ಬರೆಯುವ ಅನುಮತಿ ಮಾತ್ರ, ಓದುವಂತಿಲ್ಲ, ಗುಂಪಿಗೆ ಏನೂ ಇಲ್ಲ, ಹೊರಗಿನವರಿಗೆ ಓದುವ ಅನುಮತಿ, ಕೊನೆಯ ಜಾಗದಲ್ಲಿ ಒಂದು ದೊಡ್ಡ ಟಿ, ಅಂದರೆ ಸ್ಟಿಕಿ ಬಿಟ್. ಹೊಸ ಫೈಲಿನ ಅನುಮತಿಗಳನ್ನು ಕತ್ತರಿಸುವ ಮಾಮೂಲಿ 022 ಉಮಾಸ್ಕ್ ಇದರಲ್ಲಿ ಒಂದು ಬಿಟ್ಟನ್ನೂ ಕಳೆಯುವುದಿಲ್ಲ. ತಾನೇ ಮಾಡಿದ ಫೈಲನ್ನು ಕ್ಯಾಟ್ ಹಾಕಿ ಓದಲು ಹೋದರೆ ಅನುಮತಿ ಇಲ್ಲ ಎಂಬ ಉತ್ತರ. ಫೈಲ್ ಪಟ್ಟಿಯಲ್ಲಿ ಆ ದೊಡ್ಡ ಟಿ ಕಂಡರೆ ಬೇರೆ ಏನನ್ನೂ ಹುಡುಕುವುದು ಬೇಡ, ಎಲ್ಲೋ 644 ಹತ್ತರ ಲೆಕ್ಕದಲ್ಲಿ ಕೂತಿದೆ.

ಈ ಲ್ಯಾಬಿನ ಘಟನೆಯನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಕಾನ್‌ಸ್ಟಂಟ್ ಸಿಗದಿರುವುದು ದೊಡ್ಡ ತೊಂದರೆಯಲ್ಲ, ಅಸೆಂಬ್ಲರ್ ಅದನ್ನು ಕೂಗಿ ಹೇಳುತ್ತದೆ. ಅದು ಕೂಗಿದ ಮೇಲೆ ಹತ್ತು ನಿಮಿಷದಲ್ಲಿ ನಾವು ಅಲ್ಲಿ ಏನನ್ನು ಹಾಕುತ್ತೇವೆ ಎಂಬುದೇ ಮುಂದೆ ತಿಂಗಳುಗಟ್ಟಲೆ ಕಾಡುವ ಸಂಗತಿ.

ಕಳೆದದ್ದಲ್ಲ, ಇರಲೇ ಇಲ್ಲ

ಹಳೆಯ 8086 ಪ್ರೊಸೆಸರ್‌ನ ಲ್ಯಾಬ್ ಮಾಡಿ ಬಂದವರಿಗೆ ಈ ತೊಂದರೆಯೇ ಹೊಸದು. ಡಾಸ್‌ನಲ್ಲಿ ಇಂಟ್ 21 ಒಂದೇ ಬಾಗಿಲು. ಎಎಚ್ ರಿಜಿಸ್ಟರ್‌ನಲ್ಲಿ 9 ಹಾಕಿದರೆ ಸಾಲು ಮುದ್ರಣ, 1 ಹಾಕಿದರೆ ಕೀಲಿಯಿಂದ ಒಂದು ಅಕ್ಷರ. ಹತ್ತು ಹನ್ನೆರಡು ಅಂಕಿ ಬಾಯಿಪಾಠ ಇದ್ದರೆ ಸೆಮಿಸ್ಟರ್ ದಾಟುತ್ತದೆ, ಇನ್‌ಕ್ಲೂಡ್ ಫೈಲಿನ ಹಂಗೇ ಇಲ್ಲ. ಲಿನಕ್ಸ್‌ನಲ್ಲಿ, ವಿಂಡೋಸ್‌ನಲ್ಲಿ ಹೆಸರುಗಳು ಸಾವಿರಗಟ್ಟಲೆ. ಅವು ಇರುವುದು ಆಪರೇಟಿಂಗ್ ಸಿಸ್ಟಂನ ಒಳಗಲ್ಲ, ಸಿ ಹೆಡರ್‌ಗಳಲ್ಲಿ. ಕಂಪೈಲ್ ಆದ ಮೇಲೆ ಹೆಸರು ಉಳಿಯುವುದಿಲ್ಲ, ಬರೀ ಅಂಕಿ ಉಳಿಯುತ್ತದೆ. ಅಸೆಂಬ್ಲಿಯ ಇನ್‌ಕ್ಲೂಡ್ ಫೈಲ್ ಎಂದರೆ ಆ ಹೆಡರ್‌ಗಳಿಂದ ಯಾರೋ ಪುಣ್ಯಾತ್ಮರು ಕೈಯಿಂದಲೋ ಸ್ಕ್ರಿಪ್ಟ್‌ನಿಂದಲೋ ಒಂದು ದಿನ ಇಳಿಸಿಟ್ಟ ಪ್ರತಿ. ಇಳಿಸಿದ ದಿನಕ್ಕೆ ಅದು ನಿಂತುಹೋಗುತ್ತದೆ. ವಿಂಡೋಸ್ 10ರಲ್ಲಿ ಬಂದ, ಕನ್ಸೋಲ್‌ನಲ್ಲಿ ಬಣ್ಣದ ಎಸ್ಕೇಪ್ ಸಂಕೇತ ಓಡಿಸುವ ಫ್ಲ್ಯಾಗು (ಬೆಲೆ 4), 8.1ರಲ್ಲಿ ಬಂದ ಡಬ್ಲ್ಯೂಎಂ_ಡಿಪಿಐಚೇಂಜ್ಡ್ ಸಂದೇಶ (736) ಅದಕ್ಕಿಂತ ಹಿಂದಿನ ಫೈಲಿನಲ್ಲಿ ಹೇಗೆ ಸಿಕ್ಕಾವು?

ಕೆಲವು ಸಲ ಹೆಸರು ಇದ್ದೂ ಸಿಗುವುದಿಲ್ಲ. ಓ_ಕ್ರಿಯಟ್‌ನ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ಇ ಇಲ್ಲ. ಅದನ್ನು ಸೇರಿಸಿ ಹುಡುಕುವವರು ಇವತ್ತಿಗೂ ಇದ್ದಾರೆ. ಮೈಕ್ರೋಸಾಫ್ಟ್‌ನ ಅಸೆಂಬ್ಲರ್ ಮ್ಯಾಸ್ಮ್‌ನಲ್ಲಿ ಸೈಜ್, ಮಾಸ್ಕ್, ವಿಡ್ತ್, ನೇಮ್, ಟೈಪ್ ಮುಂತಾದ ಪದಗಳನ್ನು ಅಸೆಂಬ್ಲರೇ ತನಗೆಂದು ಇಟ್ಟುಕೊಂಡಿದೆ, ಹಾಗಾಗಿ ಸಿ ಹೆಡರ್‌ನ ಅದೇ ಹೆಸರಿಗೆ ಇನ್‌ಕ್ಲೂಡ್ ಫೈಲಿನಲ್ಲಿ ಬಾಲವೋ ಮೂಗೋ ಹಚ್ಚಿರಬೇಕಾಗುತ್ತದೆ. ಇನ್ನೊಂದು: ಅಕ್ಷರದಿಂದ ಶುರುವಾಗುವ ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿಗೆ ಮುಂದೆ ಸೊನ್ನೆ ಹಾಕದಿದ್ದರೆ ಮ್ಯಾಸ್ಮ್ ಅದನ್ನು ಹೆಸರೆಂದೇ ತಿಳಿದು ಎ2006 ಎರರ್ ಕೊಡುತ್ತದೆ. ಅಲ್ಲಿ ಕಾಣೆಯಾದ ಕಾನ್‌ಸ್ಟಂಟ್ ಯಾವುದೂ ಇಲ್ಲ, ಒಂದು ಸೊನ್ನೆ ಬಿಟ್ಟಿದೆ ಅಷ್ಟೇ.

ಗ್ನೂ ಅಸೆಂಬ್ಲರ್ ವಿಷಯ ಬೇರೆ, ಅದರ ಬಗ್ಗೆ ನಿಜವಾಗಿ ಎಚ್ಚರ ಬೇಕು. ಗೊತ್ತಿಲ್ಲದ ಹೆಸರು ಕಂಡರೆ ಅದು ಬೇರೆ ಫೈಲಿನಿಂದ ಬರಬಹುದು ಎಂದು ಸುಮ್ಮನೆ ಮುಂದೆ ಹೋಗುತ್ತದೆ. ದೂರು ಬರುವುದು ಫೈಲ್‌ಗಳನ್ನು ಜೋಡಿಸುವ ಲಿಂಕರ್‌ನಿಂದ. ಇಂಟೆಲ್ ಶೈಲಿಯಲ್ಲಿ ಬರೆಯುವವರು ಕಾನ್‌ಸ್ಟಂಟನ್ನು ಬಳಸಿದ ಸಾಲಿಗಿಂತ ಕೆಳಗೆ ಘೋಷಿಸಿದರೆ ಇನ್ನೂ ಕೆಟ್ಟದ್ದು. ಆ ಸಾಲಿಗೆ ಬಂದಾಗ ಹೆಸರು ಇನ್ನೂ ಗೊತ್ತಿಲ್ಲದ ಕಾರಣ ಅದನ್ನು ಮೆಮೊರಿ ವಿಳಾಸ ಎಂದು ಬಗೆದು ಕೋಡ್ ಹಾಕಿಬಿಡುತ್ತದೆ. ಬೆಲೆ 1 ಎಂದು ಕೆಳಗೆ ಗೊತ್ತಾದ ಮೇಲೆ ಒಂದನೇ ವಿಳಾಸದಿಂದ ಓದುವ ಸೂಚನೆ ತಯಾರಾಗಿರುತ್ತದೆ, ಲಿಂಕರ್ ಕೂಡ ದೂರುವುದಿಲ್ಲ, ಓಡಿಸಿದ ಕೂಡಲೇ ಸೆಗ್ಮೆಂಟೇಷನ್ ಫಾಲ್ಟ್. ಎಟಿ ಅಂಡ್ ಟಿ ಶೈಲಿಯಲ್ಲಿ ಡಾಲರ್ ಚಿಹ್ನೆ ಮರೆತರೂ ಇದೇ ಗತಿ. ಕಾನ್‌ಸ್ಟಂಟ್‌ಗಳನ್ನೆಲ್ಲ ಫೈಲಿನ ತಲೆಯಲ್ಲೇ ಇಡಬೇಕು ಎನ್ನುವುದು ಇಲ್ಲಿ ಅಂದಕ್ಕಾಗಿ ಹೇಳುವ ಮಾತಲ್ಲ.

ಗಂಗಾವತಿಯ ಕಾಟಾ

ಎರಡನೇ ಪ್ರಸಂಗ ಕೊಪ್ಪಳ ಜಿಲ್ಲೆಯದು. ಗಂಗಾವತಿ ಕಡೆ ಅಕ್ಕಿ ಗಿರಣಿಗಳಿಗೆ ಬರಗಾಲವಿಲ್ಲ. ಗಿರಣಿ ಎಂದ ಮೇಲೆ ಲಾರಿ ತೂಗುವ ಕಾಟಾ ಇರಲೇಬೇಕು. ಕಾಟಾದ ಮೇಲಿನ ತೂಕ ಕೆಂಪಂಕಿಯ ಇಂಡಿಕೇಟರ್‌ಗೆ ಬರುತ್ತದೆ, ಅಲ್ಲಿಂದ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರ್‌ಗೆ. ಅಲ್ಲಿದ್ದದ್ದು ಮ್ಯಾಸ್ಮ್‌ನಲ್ಲಿ ಬರೆದ ಹಳೆಯ 32 ಬಿಟ್ ವಿಂಡೋಸ್ ಪ್ರೋಗ್ರಾಂ. ಅದನ್ನು ಯಾರೋ ಬೇರೆ ಇನ್‌ಕ್ಲೂಡ್ ಫೈಲಿನ ಜೊತೆ ಮತ್ತೆ ಅಸೆಂಬಲ್ ಮಾಡಿಕೊಟ್ಟಿದ್ದರು. ಸುಗ್ಗಿಯ ದಿನ, ಹೊರಗೆ ಭತ್ತದ ಲಾರಿಗಳ ಸಾಲು. ಕಾಟಾ ನೋಡಿಕೊಳ್ಳುವವರ ದೂರು ಹೀಗಿತ್ತು: "ಕಾಟಾದಾಗ ತೂಕ ಕಾಣ್ತೈತ್ರಿ, ಕಂಪ್ಯೂಟರ್‌ನಾಗ ಬರೀ ಗೀಟು ಬರ್ತಾವ. ಬೆಳಿಗ್ಗಿ ಬರೋಬ್ಬರಿ ಇತ್ತು. ಕರೆಂಟ್ ಹೋಗಿ ಬಂತಂದ್ರ ಮುಗೀತು ನೋಡ್ರಿ."

ಕರೆಂಟ್ ಎಂದ ಕೂಡಲೇ ಎಲ್ಲರ ಅನುಮಾನ ಯುಪಿಎಸ್ ಮೇಲೆ, ಕೇಬಲ್ ಮೇಲೆ, ಅರ್ತಿಂಗ್ ಮೇಲೆ. ಕೇಬಲ್ ಬದಲಾಯಿಸಿಯೂ ಆಗಿತ್ತು. ತಪ್ಪು ಇದ್ದದ್ದು ಒಂದು ಬೈಟ್‌ನಲ್ಲಿ.

ವಿಂಡೋಸ್‌ನಲ್ಲಿ ಸೀರಿಯಲ್ ಪೋರ್ಟ್‌ನ ವೇಗ, ಪ್ಯಾರಿಟಿ ಎಲ್ಲ ಡಿಸಿಬಿ ಎಂಬ 28 ಬೈಟ್‌ಗಳ ಸ್ಟ್ರಕ್ಚರ್‌ನಲ್ಲಿ (ಒಟ್ಟಿಗೆ ಜೋಡಿಸಿಟ್ಟ ಮಾಹಿತಿಯ ಕಟ್ಟು) ಹೋಗುತ್ತವೆ. 4ನೇ ಬೈಟ್‌ನಿಂದ ಬಾಡ್ ರೇಟ್, 18ರಲ್ಲಿ ಡೇಟಾ ಬಿಟ್ ಎಷ್ಟು, 19ರಲ್ಲಿ ಪ್ಯಾರಿಟಿ, 20ರಲ್ಲಿ ಸ್ಟಾಪ್ ಬಿಟ್. ಹೊಸ ಇನ್‌ಕ್ಲೂಡ್ ಫೈಲಿನಲ್ಲಿ ಒನ್‌ಸ್ಟಾಪ್‌ಬಿಟ್ ಎಂಬ ಹೆಸರು ಇರಲಿಲ್ಲ. ಒಂದು ಸ್ಟಾಪ್ ಬಿಟ್ ತಾನೇ, 1 ಎಂದು ಹಾಕಿದ್ದರು. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಒನ್‌ಸ್ಟಾಪ್‌ಬಿಟ್‌ನ ಬೆಲೆ ಸೊನ್ನೆ. 1 ಎಂದರೆ ಒಂದೂವರೆ ಸ್ಟಾಪ್ ಬಿಟ್, 2 ಎಂದರೆ ಎರಡು. 8 ಡೇಟಾ ಬಿಟ್ ಜೊತೆ ಒಂದೂವರೆ ಸ್ಟಾಪ್ ಬಿಟ್ ನಡೆಯುವುದಿಲ್ಲ, ಹಾಗಾಗಿ ಸೆಟ್ಟಿಂಗ್ ಹಾಕುವ ಸೆಟ್‌ಕಾಮ್‌ಸ್ಟೇಟ್ ಕರೆ ಸೊನ್ನೆ ಹಿಂದಿರುಗಿಸಿ 87ನೇ ಎರರ್ ಇಟ್ಟು ಸುಮ್ಮನಾಗಿತ್ತು. ಪ್ರೋಗ್ರಾಂ ಅದನ್ನು ನೋಡಿರಲಿಲ್ಲ. ಪೋರ್ಟ್ ಹಿಂದೆ ಯಾವ ಸೆಟ್ಟಿಂಗ್‌ನಲ್ಲಿತ್ತೋ ಅದರಲ್ಲೇ ಉಳಿಯುತ್ತಿತ್ತು. ಬೆಳಿಗ್ಗೆ ಯಾರಾದರೂ ಇಂಡಿಕೇಟರ್ ಪರೀಕ್ಷಿಸಲು ಟರ್ಮಿನಲ್ ಪ್ರೋಗ್ರಾಂ ತೆರೆದು ಮುಚ್ಚಿದ್ದರೆ ಅದು ಬಿಟ್ಟುಹೋದ ಸರಿಯಾದ ಸೆಟ್ಟಿಂಗ್ ಮೇಲೆ ಇದೂ ಓಡುತ್ತಿತ್ತು. ಕರೆಂಟ್ ಹೋಗಿ ಕಂಪ್ಯೂಟರ್ ಮತ್ತೆ ಏಳುವಾಗ ಆ ಸೆಟ್ಟಿಂಗ್ ಅಳಿಸಿಹೋಗಿ ಗೀಟು ಶುರು.

ಡಿಸಿಬಿಯಲ್ಲಿ ಇನ್ನೊಂದು ಹೊಂಡ ಇದೆ. 8ನೇ ಬೈಟ್‌ನಿಂದ ನಾಲ್ಕು ಬೈಟ್ ಸಿ ಭಾಷೆಯಲ್ಲಿ ಬಿಟ್‌ಫೀಲ್ಡ್, ಅಂದರೆ ಒಂದೆರಡು ಬಿಟ್‌ಗೊಂದು ಬೇರೆ ಅರ್ಥ. ಅಸೆಂಬ್ಲಿಯಲ್ಲಿ ಅದಕ್ಕೆ ಸಾಮಾನ್ಯವಾಗಿ ಒಂದೇ ಡಬಲ್‌ವರ್ಡ್ ಇಡುತ್ತಾರೆ, ಒಳಗಿನ ಬಿಟ್‌ಗಳ ಜಾಗ ನೀವೇ ಎಣಿಸಬೇಕು. ಬೈನರಿ ಫ್ಲ್ಯಾಗ್ ಸೊನ್ನೆಯ ಬಿಟ್, ಡಿಟಿಆರ್ ಕಂಟ್ರೋಲ್ 4 ಮತ್ತು 5, ಆರ್‌ಟಿಎಸ್ ಕಂಟ್ರೋಲ್ 12 ಮತ್ತು 13. ಡಿಟಿಆರ್ ಎನೇಬಲ್, ಆರ್‌ಟಿಎಸ್ ಎನೇಬಲ್ ಎರಡರ ಬೆಲೆಯೂ ಹೆಡರ್‌ನಲ್ಲಿ 1 ಎಂದೇ ಇದೆ. ಆ 1ನ್ನು ನೇರ ಸೇರಿಸಿದರೆ ಕೆಟ್ಟಿತು. ಒಂದನ್ನು ನಾಲ್ಕು ಬಿಟ್, ಇನ್ನೊಂದನ್ನು ಹನ್ನೆರಡು ಬಿಟ್ ಎಡಕ್ಕೆ ಸರಿಸಬೇಕು. ಮೂರೂ ಸೇರಿ ಹೆಕ್ಸ್ 1011, ಹತ್ತರ ಲೆಕ್ಕದಲ್ಲಿ 4113. ಎಷ್ಟೋ ಸೀರಿಯಲ್ ಕನ್ವರ್ಟರ್‌ಗಳು ಡಿಟಿಆರ್, ಆರ್‌ಟಿಎಸ್ ತಂತಿಯಿಂದಲೇ ಕರೆಂಟ್ ಎಳೆಯುತ್ತವೆ. ಅವು ಎದ್ದಿಲ್ಲದಿದ್ದರೆ ಕನ್ವರ್ಟರ್ ಸತ್ತಂತೆ ಬಿದ್ದಿರುತ್ತದೆ, ನಾವು ಅಂಗಡಿಯವನನ್ನು ಬೈಯುತ್ತೇವೆ.

ಎಲ್ಲ ಕ್ಷೇತ್ರಗಳನ್ನೂ ಕೈಯಿಂದ ತುಂಬುವ ಬದಲು ಮೊದಲು ಈಗಿನ ಸೆಟ್ಟಿಂಗ್ ಕೊಡುವ ಗೆಟ್‌ಕಾಮ್‌ಸ್ಟೇಟ್ ಕರೆದು, ಬಂದದ್ದರಲ್ಲಿ ಬೇಕಾದ್ದನ್ನು ಮಾತ್ರ ಬದಲಿಸಿ ಹಿಂದಿರುಗಿಸುವುದು ಒಳ್ಳೆಯ ರೂಢಿ. ಜೊತೆಗೆ ಇನ್‌ಕ್ಲೂಡ್ ಫೈಲಿನಲ್ಲೇ ಒಂದು ಕಾವಲು ಸಾಲು ಇರಲಿ. ಮ್ಯಾಸ್ಮ್‌ನ ಎರ್‌ಎನ್‌ಜೆಡ್ ನಿರ್ದೇಶನಕ್ಕೆ ಡಿಸಿಬಿಯ ಅಳತೆಯಿಂದ 28 ಕಳೆದು ಕೊಟ್ಟರೆ, ಉತ್ತರ ಸೊನ್ನೆಯಾಗದ ದಿನ ಅಸೆಂಬ್ಲಿ ಅಲ್ಲೇ ನಿಲ್ಲುತ್ತದೆ. ನ್ಯಾಸ್ಮ್‌ನಲ್ಲಿ ಶೇಕಡಾ ಚಿಹ್ನೆಯ ಇಫ್ ಮತ್ತು ಎರರ್, ಗ್ನೂದಲ್ಲಿ ಚುಕ್ಕೆಯ ಇಫ್ ಮತ್ತು ಎರರ್ ಇದೇ ಕೆಲಸ ಮಾಡುತ್ತವೆ. 32ರಿಂದ 64 ಬಿಟ್‌ಗೆ ಹೋಗುವಾಗ ಈ ಕಾವಲು ಬಹಳ ಬೇಕು. ಡಿಸಿಬಿ ಎರಡರಲ್ಲೂ 28 ಬೈಟ್‌ಗಳೇ. ಆದರೆ ಎಂಎಸ್‌ಜಿ ಸ್ಟ್ರಕ್ಚರ್ 28ರಿಂದ 48ಕ್ಕೆ, ವಿಂಡೋ ಕ್ಲಾಸ್‌ನ ಇಎಕ್ಸ್ ಸ್ಟ್ರಕ್ಚರ್ 48ರಿಂದ 80ಕ್ಕೆ ಬೆಳೆಯುತ್ತದೆ.

ಕಂಪೈಲರ್ ಬಾಯಿಂದಲೇ ಹೇಳಿಸಿ

ಹಾಗಾದರೆ ಅಂಕಿಯನ್ನು ಎಲ್ಲಿಂದ ತರಬೇಕು? ಹೆಡರನ್ನು ಕಣ್ಣಿನಿಂದ ಓದುವ ಬದಲು, ಅದನ್ನು ಓದುವುದಕ್ಕೇ ಹುಟ್ಟಿದ ಸಿ ಕಂಪೈಲರ್‌ನಿಂದ ತರಬೇಕು. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್‌ಗೆ ದೊಡ್ಡ ಇ ಆಯ್ಕೆ ಮತ್ತು ಸಣ್ಣ ಡಿ, ದೊಡ್ಡ ಎಂ ಸೇರಿದ ಆಯ್ಕೆ ಕೊಟ್ಟು ಹೆಡರ್ ಒಪ್ಪಿಸಿದರೆ ಅದರಲ್ಲಿರುವ ಡಿಫೈನ್‌ಗಳನ್ನೆಲ್ಲ ಸಾಲಾಗಿ ಹೊರಹಾಕುತ್ತದೆ, ಗ್ರೆಪ್‌ನಿಂದ ಬೇಕಾದ್ದನ್ನು ಹೆಕ್ಕಬಹುದು. ಇದು ಬೇಗದ ದಾರಿ, ಆದರೆ ಅರ್ಧ ದಾರಿ. ಡಿಫೈನ್‌ನ ಬಲಗಡೆ ಇರುವ ಅಕ್ಷರಗಳು ಹಾಗೆಯೇ ಬರುತ್ತವೆ, ಆಕ್ಟಲ್ ಆಕ್ಟಲ್ಲಾಗಿಯೇ ಬರುತ್ತದೆ, ಬಳ್ಳಾರಿಯ ಹುಡುಗಿ ಬಿದ್ದ ಹೊಂಡ ಅಲ್ಲೇ ಇರುತ್ತದೆ. ಇನ್ನು ಎನಮ್‌ನಲ್ಲಿ (ಸಿ ಭಾಷೆಯಲ್ಲಿ ಅಂಕಿಗೆ ಹೆಸರಿಡುವ ಇನ್ನೊಂದು ವಿಧ) ಇರುವವು ಸಿಗುವುದೇ ಇಲ್ಲ. ಗ್ನೂ ಸಿ ಲೈಬ್ರರಿಯಲ್ಲಿ ಸಾಕ್_ಸ್ಟ್ರೀಮ್ ಹುಡುಕಿ ನೋಡಿ: ಸಾಕ್_ಸ್ಟ್ರೀಮ್ ಎಂದರೆ ಸಾಕ್_ಸ್ಟ್ರೀಮ್ ಎಂಬ ಉತ್ತರ ಬರುತ್ತದೆ. ನಿಜವಾದ 1 ಎನಮ್ ಒಳಗಿದೆ.

ಪೂರ್ತಿ ದಾರಿ ಲಿನಕ್ಸ್ ಕರ್ನಲ್ ಬರೆಯುವವರು ನಡೆದದ್ದು. ಅವರ ಮೂಲದಲ್ಲಿ ಅಸ್ಮ್-ಆಫ್‌ಸೆಟ್ಸ್ ಎಂಬ ಸಿ ಫೈಲ್ ಇರುತ್ತದೆ. ಅದರಲ್ಲಿ ಬೇಕಾದ ಪ್ರತಿ ಹೆಸರಿಗೂ ಒಂದು ಇನ್‌ಲೈನ್ ಅಸೆಂಬ್ಲಿ ಸಾಲು: ಗುರುತಿಗೊಂದು ಬಾಣ, ಹೆಸರು, ಮುಂದೆ ಬೆಲೆ, ಬೆಲೆಗೆ ಐ ಎಂಬ ಕನ್‌ಸ್ಟ್ರೇಂಟ್. ಆ ಫೈಲನ್ನು ದೊಡ್ಡ ಎಸ್ ಆಯ್ಕೆ ಕೊಟ್ಟು ಅಸೆಂಬ್ಲಿ ಪಠ್ಯದವರೆಗೆ ಮಾತ್ರ ಕಂಪೈಲ್ ಮಾಡುತ್ತಾರೆ. ಬಾಣ ಇರುವ ಸಾಲುಗಳನ್ನು ಸೆಡ್ ಎಂಬ ಸಾಧನದಿಂದ ಆರಿಸಿದರೆ ಇನ್‌ಕ್ಲೂಡ್ ಫೈಲ್ ತಯಾರು. ಡಿಫೈನ್ ಆಗಲಿ ಎನಮ್ ಆಗಲಿ, ಸ್ಟ್ರಕ್ಚರ್ ಅಳತೆ ಆಗಲಿ ಒಳಗಿನ ಆಫ್‌ಸೆಟ್ ಆಗಲಿ, ಎಲ್ಲವೂ ಲೆಕ್ಕ ಮುಗಿದ ಅಂಕಿಯಾಗಿ ಬರುತ್ತವೆ. ಬರೀ ಪ್ರಿಂಟ್ಎಫ್ ಹಾಕಿ ಓಡಿಸಿದರೂ ಸಾಕಲ್ಲ ಎನ್ನಬಹುದು. ನಿಮ್ಮ ಯಂತ್ರಕ್ಕೇ ಬರೆಯುವುದಾದರೆ ಸಾಕು. ಇಲ್ಲಿ ಕೂತು ಆರ್ಮ್ ಬೋರ್ಡಿಗೆ ಬರೆಯುವಾಗ ಆ ಪ್ರೋಗ್ರಾಂ ನಿಮ್ಮ ಯಂತ್ರದಲ್ಲಿ ಓಡುವುದೇ ಇಲ್ಲ. ಕರ್ನಲ್ ವಿಧಾನದಲ್ಲಿ ಓಡಿಸುವ ಅಗತ್ಯವೇ ಬೀಳದು, ಅದಕ್ಕೇ ಅದು ನನಗೆ ಅಷ್ಟು ಇಷ್ಟ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನವರೂ ಜೆನ್‌ಅಸ್ಸಿಮ್ ಎಂಬ ಹೆಸರಿನಲ್ಲಿ ಇಂಥದ್ದನ್ನೇ ಮಾಡುತ್ತಾರೆ.

ಯಾವ ಯಂತ್ರ, ಯಾವ ಬಾಗಿಲು

ಯಂತ್ರ ಬದಲಾದರೆ ಅಂಕಿ ಬದಲಾಗುತ್ತದೆ. ರೈಟ್ ಕರೆ 32 ಬಿಟ್ ಇಂಟೆಲ್‌ನಲ್ಲಿ 4, 64 ಬಿಟ್‌ನಲ್ಲಿ 1, 64 ಬಿಟ್ ಆರ್ಮ್‌ನಲ್ಲಿ 64. ಎಕ್ಸಿಟ್ ಕ್ರಮವಾಗಿ 1, 60, 93. ಹಳೆಯ ಪಾಠದ 4 ಮತ್ತು 1ನ್ನು ಹೊಸ ಸಿಸ್‌ಕಾಲ್ ಸೂಚನೆಯ ಜೊತೆ ಹಾಕಿದರೆ ರೈಟ್ ಎಂದುಕೊಂಡದ್ದು ಸ್ಟ್ಯಾಟ್ ಆಗುತ್ತದೆ, ಎಕ್ಸಿಟ್ ಎಂದುಕೊಂಡದ್ದು ರೈಟ್ ಆಗುತ್ತದೆ, ಪ್ರೋಗ್ರಾಂ ನಿಲ್ಲದೆ ಕೋಡಿನ ಅಂಚು ದಾಟಿ ಬೀಳುತ್ತದೆ. ಫ್ಲ್ಯಾಗ್‌ಗಳಲ್ಲೂ ಇಂಥದ್ದಿದೆ. ಇಂಟೆಲ್‌ನಲ್ಲಿ ಓ_ಡೈರೆಕ್ಟ್ ಆಕ್ಟಲ್ 40000, ಓ_ಡೈರೆಕ್ಟರಿ ಆಕ್ಟಲ್ 200000; ಆರ್ಮ್‌ನಲ್ಲಿ ಇವೆರಡೂ ಸರಿಯಾಗಿ ಅದಲುಬದಲು. ಸೂಚನೆಗಳನ್ನೆಲ್ಲ ಆರ್ಮ್‌ಗೆ ಹೊಸದಾಗಿ ಬರೆದು ಕಾನ್‌ಸ್ಟಂಟ್ ಫೈಲ್ ಮಾತ್ರ ಹಳೆಯದನ್ನೇ ಒಯ್ದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಅದೇ ಯಂತ್ರದಲ್ಲೂ ಎರಡು ಬಾಗಿಲುಗಳಿವೆ, ಕರ್ನಲ್ ಒಂದು, ಸಿ ಲೈಬ್ರರಿ ಇನ್ನೊಂದು. ಗಂಗಾವತಿಯ ಆ ಕಾಟಾವನ್ನು ಲಿನಕ್ಸ್‌ಗೆ ತರುವುದಾದರೆ ಪೋರ್ಟ್ ಸೆಟ್ಟಿಂಗ್ ಹಿಡಿದಿಡುವ ಟರ್ಮಿಯೋಸ್ ಸ್ಟ್ರಕ್ಚರ್ ಬೇಕಾಗುತ್ತದೆ. ಟಿಸಿಗೆಟ್ಸ್ (21505) ಎಂಬ ಕೋರಿಕೆಯನ್ನು ಐಓಸಿಟಿಎಲ್ ಕರೆಯ ಮೂಲಕ ನೇರ ಕರ್ನಲ್‌ಗೆ ಕೇಳಿದರೆ ಅದು 36 ಬೈಟ್. ಗ್ನೂ ಸಿ ಲೈಬ್ರರಿಯ ಟಿಸಿಗೆಟ್‌ಅಟ್ರ್ ಕರೆದರೆ 60, ಏಕೆಂದರೆ ಕಂಟ್ರೋಲ್ ಅಕ್ಷರಗಳಿಗೆ ಕರ್ನಲ್ 19 ಜಾಗ ಇಟ್ಟರೆ ಲೈಬ್ರರಿ 32 ಇಡುತ್ತದೆ, ಕೊನೆಗೆ ವೇಗದ ಎರಡು ಕ್ಷೇತ್ರ ಬೇರೆ. 36 ಬೈಟ್ ಮಾತ್ರ ಕಾದಿರಿಸಿ ಲೈಬ್ರರಿಯನ್ನು ಕರೆದರೆ ಪಕ್ಕದ 24 ಬೈಟ್‌ಗಳ ಮೇಲೆ ಬರಹ ಬೀಳುತ್ತದೆ, ಅಲ್ಲಿ ತೂಕದ ಬಫರ್ ಇದ್ದರೆ ಅದು ಹೋಯಿತು. ಕರ್ನಲ್ ಜೊತೆ ಮಾತಾಡುವವರು ಅಸ್ಮ್ ಫೋಲ್ಡರ್‌ನ ಟರ್ಮ್‌ಬಿಟ್ಸ್ ಹೆಡರನ್ನು, ಲೈಬ್ರರಿ ಜೊತೆ ಮಾತಾಡುವವರು ಟರ್ಮಿಯೋಸ್ ಹೆಡರನ್ನು ಕಂಪೈಲರ್‌ಗೆ ಒಪ್ಪಿಸಬೇಕು. ವೇಗದ ಅಂಕಿಯೂ ಗಮನದಲ್ಲಿರಲಿ: ವಿಂಡೋಸ್‌ನ ಸಿಬಿಆರ್_9600ರ ಬೆಲೆ 9600 ಎಂದೇ ಇದೆ, ಲಿನಕ್ಸ್ ಕರ್ನಲ್‌ನ ಬಿ9600ರ ಬೆಲೆ 13. ಹಳೆಯ ಹೆಡರ್‌ಗಳಲ್ಲಿ ಅದು 0000015 ಎಂದು ಬರೆದಿತ್ತು, ಆಕ್ಟಲ್‌ನಲ್ಲಿ.